ಕಾಯಿ ಕಾಯುವ ಮಣೆ: ಧಾರವಾಡ ಸೀಮೆಯ ಆಟದ ಪಟಗಳು

ಧಾರವಾಡ ಸೀಮೆಯಲ್ಲಿ ಚದುರಂಗಕ್ಕೆ ಬುದ್ಧಿಬಲ ಎಂಬ ಹೆಸರೂ ಉಂಟು. ಅದಕ್ಕೆ ಬೇಕಾದದ್ದು 64 ಮನೆಗಳ ಪಟ, 32 ಕಾಯಿ. ಪಗಡೆಗಾದರೆ 96 ಮನೆ, 16 ಕಾಯಿ, ಜೊತೆಗೆ ದಾಳ. ಅಳಗುಳಿಮಣೆಗೆ 14 ಗುಳಿ ಮತ್ತು ಒಂದೆರಡು ಹಿಡಿ ಹುಣಸೆಬೀಜ ಸಾಕು. ಆಟ ಯಾವುದೇ ಇರಲಿ, ಮುಗಿದ ಮೇಲೆ ಕಾಯಿಗಳನ್ನು ಎಲ್ಲಿಡುವುದು ಎಂಬ ತೊಡಕು ಒಂದೇ. ಪಟ ಹರಿದರೆ ನೆಲದ ಮೇಲೆ ಗೆರೆ ಎಳೆದು ಆಡಬಹುದು. ಕುದುರೆಯೊಂದು ಕಳೆದರೆ ಜೋಡಿಯೇ ಕೆಟ್ಟಿತು. ಪಟವೇ ತನ್ನ ಕಾಯಿಗಳನ್ನು ಕಾಯುವಂತೆ ಮಾಡುವ ಕೆಲಸ ಹೀಗೆ ಹುಟ್ಟಿದ್ದು. ನವಲಗುಂದ, ಅಣ್ಣಿಗೇರಿಯ ಎರೆಭೂಮಿ ಹತ್ತಿಯ ನಾಡು. ಕಲಘಟಗಿಯ ಕಡೆ ಮಲೆನಾಡಿನ ಸೆರಗು, ಸಾಗವಾನಿ ಬೆಳೆಯುವ ಕಾಡು. ಆಟದ ಪಟಗಳಲ್ಲಿಯೂ ಈ ಎರಡು ನೆಲಗಳ ಗುರುತು ಕಾಣುತ್ತದೆ.

ಆಟದ ಹಳಮೆ ದೊಡ್ಡದು. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ 12ನೇ ಶತಮಾನದ ಮೊದಲ ಭಾಗದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಅರಸನ ವಿನೋದಗಳ ಸಾಲಿನಲ್ಲಿ ಚದುರಂಗವೂ ಇದೆ, ಪಗಡೆಯೂ ಇದೆ. ಅದೇ ಶತಮಾನದ ಕೊನೆಯಲ್ಲಿ ನಾಲ್ಕನೆಯ ಸೋಮೇಶ್ವರನ ಕಾಲಕ್ಕೆ ಅಣ್ಣಿಗೇರಿಯೇ ಆ ವಂಶದ ರಾಜಧಾನಿಯಾಗಿತ್ತು. ಆಗಿನ ಚದುರಂಗದ ಪಟಕ್ಕೆ ಕಪ್ಪು-ಬಿಳಿ ಮನೆಗಳಿರಲಿಲ್ಲ. ‘ಅಷ್ಟಾಪದ’ವೆಂಬ ಹಳೆಯ ಪಟದಲ್ಲಿ ಎಂಟೆಂಟು ಮನೆಗಳ ಗೆರೆಗಳು, ಕೆಲವು ಮನೆಗಳಲ್ಲಿ ಕತ್ತರಿ ಗುರುತು, ಇಷ್ಟೇ. ಬರೀ ಗೆರೆಯ ಪಟವನ್ನು ಬಟ್ಟೆಯ ಮೇಲೆ ದಾರದಲ್ಲಿ ಹೊಲಿಯಬಹುದು, ಮರದ ಮೇಲೆ ಉಳಿಯಿಂದ ಗೀರಬಹುದು, ಕಲ್ಲಿನಲ್ಲಿ ಕೊರೆಯಬಹುದು. ಹಂಪಿಯ ಮಂಟಪಗಳ ಹಾಸುಗಲ್ಲುಗಳ ಮೇಲೆ ಕೊರೆದ ಆಟದ ಮನೆಗಳು ಇಂದಿಗೂ ಕಾಣಸಿಗುತ್ತವೆ. ಕಲ್ಲಿನ ಪಟಕ್ಕೆ ಕಾಯಿ ಕಾಯುವ ಹೊಣೆಯಿಲ್ಲ. ಆಡುವವರು ಹರಳೋ ಕವಡೆಯೋ ತಂದು ಆಡಿ, ಎದ್ದು ಹೋಗುವಾಗ ಜೊತೆಗೇ ಒಯ್ಯುತ್ತಿದ್ದರು.

ಮನೆಯೊಳಗಿನ ಪಗಡೆಗೆ ಬಟ್ಟೆಯ ಹಾಸೇ ಹೊಂದುತ್ತಿತ್ತು. ನಾಲ್ಕು ತೋಳುಗಳನ್ನು ನಡುಮನೆಯ ಮೇಲೆ ಮಡಚಿದರೆ ಹಾಸೇ ಗಂಟು. ಕಾಯಿ, ದಾಳ ಅದರೊಳಗೆ. ಅದೇ ಪಗಡೆಯ ಪಟ ನವಲಗುಂದದಲ್ಲಿ ಜಮಖಾನದ ನಡುವಿಗೆ ಬಂದು ಕೂತಿತು. ಆದಿಲಶಾಹಿ ಕಾಲದಲ್ಲಿ ವಿಜಾಪುರದಿಂದ ಬಂದ ನೇಕಾರರು ಇಲ್ಲಿ ನೆಲೆಸಿದರೆಂಬುದು ಊರಿನ ಪರಂಪರೆಯ ಮಾತು. ಈ ನೇಯ್ಗೆ ಮುಸ್ಲಿಂ ಹೆಂಗಸರ ಕೈಯಲ್ಲಿ ಉಳಿದುಬಂದಿದೆ. ನೆಟ್ಟಗೆ ನಿಲ್ಲಿಸಿದ ಮಗ್ಗದ ಮುಂದೆ ಕೂತು, ಹಾಸಿನ ಎಳೆಗಳನ್ನು ಎಣಿಸುತ್ತ ಬಣ್ಣದ ಹತ್ತಿಯ ನೂಲನ್ನು ಬೆರಳಿನಿಂದಲೇ ತೂರಿಸಿ, ಪಂಜಾ ಎಂಬ ಹಣಿಗೆಯಿಂದ ಕುಟ್ಟಿ ಬಿಗಿಮಾಡುತ್ತಾರೆ. ಈ ಬಗೆಯ ನೇಯ್ಗೆಯಲ್ಲಿ ಬಳ್ಳಿಯ ಬಾಗು ತರುವುದು ಕಷ್ಟ, ನೇರ ಮೂಲೆಯ ಮನೆ ತರುವುದು ಸಲೀಸು. ಪಗಡೆಯ ಚೌಕಗಳು ಈ ಮಗ್ಗಕ್ಕೆ ಇಷ್ಟು ಚೆನ್ನಾಗಿ ಒಗ್ಗಿದ್ದಕ್ಕೆ ಅದೂ ಒಂದು ಕಾರಣವಿರಬೇಕು. ನವಿಲಿನ ಚಿತ್ರವೂ ಮೆಟ್ಟಿಲು ಮೆಟ್ಟಿಲಾಗಿಯೇ ಮೂಡುತ್ತದೆ. ನವಲಗುಂದದ ಜಮಖಾನಕ್ಕೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಆದರೆ ಜಮಖಾನವನ್ನು ಸುತ್ತಿಡಬಹುದೇ ಹೊರತು ಗಂಟು ಕಟ್ಟಲಾಗದು. ಅದರ ಮೇಲೆ ಆಡುವ ಕಾಯಿಗಳಿಗೆ ಬೇರೆ ಚೀಲವೇ ಬೇಕು.

ಕಟ್ಟಿಗೆಯ ಕೆಲಸ ಬಡಿಗರದು. ಕೂರಿಗೆ, ಕುಂಟೆ, ರಂಟೆ ಮಾಡಿಕೊಟ್ಟು ಸುಗ್ಗಿಯಲ್ಲಿ ಆಯದ ಕಾಳು ಪಡೆಯುತ್ತಿದ್ದವರು ಇವರೇ. ಎರೆಭೂಮಿಯಲ್ಲಿ ಅವರಿಗೆ ಸಿಗುತ್ತಿದ್ದದ್ದು ಹೆಚ್ಚಾಗಿ ಜಾಲಿ, ಬೇವು. ಜಾಲಿ ಗಾಡಿಗೆ ಗಟ್ಟಿ. ತೆಳು ಹಲಗೆಯಾಗಿ ಸೀಳಿ ನುಣುಪು ಮಾಡಲು ಸಾಗವಾನಿಯಷ್ಟು ಒಗ್ಗದು. ಕಲಘಟಗಿಯಲ್ಲಿ ಸಾಗವಾನಿಯ ತೊಟ್ಟಿಲು ಮಾಡಿ, ಅರಗಿನ ಬಣ್ಣದಲ್ಲಿ ಪುರಾಣದ ಚಿತ್ರ ಬರೆಯುವ ಚಿತ್ರಗಾರರ ಕಸುಬು ಬೆಳೆದದ್ದು ಕಾಡು ಹತ್ತಿರವಿದ್ದುದರಿಂದಲೇ.

ಕಾಯಿ ಕಾಯುವ ಮಣೆಯಲ್ಲಿ ಎಲ್ಲಕ್ಕಿಂತ ಚೊಕ್ಕವಾದದ್ದು ಮಡಚುವ ಅಳಗುಳಿಮಣೆ. ಸಾದಾ ಮಣೆ ಒಂದೇ ಹಲಗೆಯದು: ಏಳೇಳು ಗುಳಿಗಳ ಎರಡು ಸಾಲು, ಕೆಲವದರಲ್ಲಿ ಗೆದ್ದ ಬೀಜ ಹಾಕಲು ಎರಡೂ ತುದಿಗೆ ಒಂದೊಂದು ದೊಡ್ಡ ಗುಳಿ. ಮಡಚುವ ಮಣೆಗೆ ಒಂದೇ ಅಳತೆಯ ಎರಡು ಹಲಗೆ ಬೇಕು. ಒಂದೊಂದರಲ್ಲಿ ಏಳು ಗುಳಿ ತೋಡಿ, ಉದ್ದನೆಯ ಅಂಚಿಗೆ ಹಿತ್ತಾಳೆಯ ಬಿಜಾಗರಿ ಕೂರಿಸಿ, ಎದುರಂಚಿಗೆ ಕೊಂಡಿ ಹಾಕುತ್ತಾರೆ. ಮುಚ್ಚಿದಾಗ ಗುಳಿಯ ಮೇಲೆ ಗುಳಿ ಬಂದು ಏಳು ಗೂಡುಗಳಾಗುತ್ತವೆ, ಬೀಜಗಳು ಅವುಗಳಲ್ಲಿ ಭದ್ರ. ಇಲ್ಲಿ ಬಡಿಗನ ಕೈಗೆ ಸತ್ವಪರೀಕ್ಷೆ. ಹಲಗೆ ಚೆನ್ನಾಗಿ ಒಣಗಿರದಿದ್ದರೆ ಬೇಸಿಗೆಯಲ್ಲಿ ಡೊಂಕಾಗಿ, ಎರಡು ಮುಖಗಳ ನಡುವೆ ಸಂದು ಬೀಳುತ್ತದೆ. ಹುಣಸೆಬೀಜ ನಿಂತರೂ ಗುಲಗಂಜಿ ಅದರಲ್ಲಿ ಜಾರಿ ಹೊರಬೀಳುತ್ತದೆ. ಗುಳಿಯ ತಳ ಬೋಗುಣಿಯಂತೆ ದುಂಡಗಿರಬೇಕು. ಮೂಲೆ ಉಳಿದರೆ ಬೆರಳು ಒಂದೇ ಬಳಿಗೆ ಎಲ್ಲ ಬೀಜ ಎತ್ತಲಾರದು, ಆಟದ ಓಟವೇ ಮುರಿಯುತ್ತದೆ. ಮೀನಿನ ಆಕಾರದಲ್ಲಿ ಕಡೆದ ಮಡಚುವ ಮಣೆಗಳೂ ದಕ್ಷಿಣದಲ್ಲಿ ಬಳಕೆಯಲ್ಲಿದ್ದವು.

ಕನ್ನಡ ನಾಡಿನಲ್ಲಿ ಆಟದ ಪಟಗಳಿಗೆ ದೊರೆತನದ ಗೌರವ ಸಿಕ್ಕಿದ್ದು ಮೈಸೂರಿನಲ್ಲಿ. ಮುಮ್ಮಡಿ ಕೃಷ್ಣರಾಜ ಒಡೆಯರು (1794–1868), 1831ರಲ್ಲಿ ಆಡಳಿತವನ್ನು ಬ್ರಿಟಿಷರು ವಹಿಸಿಕೊಂಡ ಮೇಲೂ, ಹೊಸ ಹೊಸ ಪಟಗಳನ್ನೂ ಚದುರಂಗದ ಕುದುರೆ ಪ್ರತಿ ಮನೆಗೂ ಒಂದೇ ಸಲ ಕಾಲಿಡುವ ನಡೆಯ ಬಂಧಗಳನ್ನೂ ರಚಿಸಿದರು. ‘ಶ್ರೀತತ್ತ್ವನಿಧಿ’ಯ ಕೊನೆಯ ಭಾಗವಾದ ‘ಕೌತುಕನಿಧಿ’ ಆಟಗಳಿಗೇ ಮೀಸಲು.

ಎರಡು ಬಣ್ಣದ ಮನೆಗಳ ಪಟ ಬಂದದ್ದು ಯುರೋಪಿನವರ ಜೊತೆ. ಹೊರಮೈ ಚದುರಂಗ, ಒಳಮೈ ಬೇರೆ ಆಟ, ನಡುವೆ ಕಾಯಿಗೆ ಜಾಗ ಎಂಬ ಮಡಚುಪೆಟ್ಟಿಗೆ ಅಲ್ಲಿ ಹಳೆಯದು. 18–19ನೇ ಶತಮಾನಗಳಲ್ಲಿ ವಿಶಾಖಪಟ್ಟಣದ ಕುಶಲಿಗಳು, ಮುಚ್ಚಿಟ್ಟರೆ ಎರಡು ದಪ್ಪ ಪುಸ್ತಕಗಳಂತೆ ಕಾಣುವ ಇಂಥ ಪೆಟ್ಟಿಗೆಗಳನ್ನು ದಂತ, ಕೊಂಬು ಕೂರಿಸಿ ಮಾಡುತ್ತಿದ್ದರು.

ಕಟ್ಟಿಗೆಯಲ್ಲಿ ಎರಡು ಬಣ್ಣದ ಪಟ ಮಾಡುವಾಗ ಮನೆಗಳನ್ನು ಒಂದೊಂದಾಗಿ ಕತ್ತರಿಸಿ ಅಂಟಿಸುವುದಿಲ್ಲ. ಬೀಟೆಯ ನಾಲ್ಕು ಪಟ್ಟಿ, ಆಲೆಮರದಂಥ ಬಿಳಿ ಕಟ್ಟಿಗೆಯ ನಾಲ್ಕು ಪಟ್ಟಿ, ಒಂದಾದ ಮೇಲೊಂದರಂತೆ ಅಂಟಿಸಿ ಒಂದು ಹಲಗೆ ಮಾಡುತ್ತಾರೆ. ಅದನ್ನು ಅಡ್ಡಲಾಗಿ ಎಂಟು ಪಟ್ಟಿಗಳಾಗಿ ಕೊಯ್ದು, ಒಂದು ಬಿಟ್ಟು ಒಂದನ್ನು ಹಿಂದುಮುಂದು ತಿರುಗಿಸಿ ಮತ್ತೆ ಅಂಟಿಸಿದರೆ 64 ಮನೆ ತಾನಾಗಿ ಸರಿಹೊಂದುತ್ತವೆ. ಮಡಚುವ ಪಟವಾದರೆ ನಾಲ್ಕು ಸಾಲಿಗೆ ನಿಲ್ಲಿಸಿ ಎರಡು ಭಾಗ ಮಾಡಿ, ಸುತ್ತ ಅಂಚುಗೋಡೆ ಎಬ್ಬಿಸುತ್ತಾರೆ. ಮಲಗಿಸಿದ ರಾಜನ ಬುಡದ ದಪ್ಪಕ್ಕಿಂತ ಒಳಗಿನ ಆಳ ತುಸು ಹೆಚ್ಚಿರಬೇಕು. ಕಟ್ಟಿಗೆ ಮಳೆಗಾಲದಲ್ಲಿ ಹಿಗ್ಗಿ ಬೇಸಿಗೆಯಲ್ಲಿ ಕುಗ್ಗುವುದರಿಂದ, ಪಟವನ್ನು ಚೌಕಟ್ಟಿಗೆ ನಾಲ್ಕೂ ಕಡೆ ಬಿಗಿಯಾಗಿ ಅಂಟಿಸಿದರೆ ಎರಡು ವರ್ಷದಲ್ಲಿ ಸೀಳು ಬಿಡುತ್ತದೆ. ತೋಡಿನೊಳಗೆ ಸಡಿಲವಾಗಿ ಕೂರಿಸುವುದೇ ಸರಿ. ಮಡಚದೆ ಬಿಡುವ ಪಟವಾದರೆ ಅದರ ಅಡಿಗೆ ಎಳೆಗೂಡು ಜೋಡಿಸಿ, ಕಾಯಿಗೊಂದರಂತೆ ಅಡ್ಡಪಟ್ಟಿಯ ಗೂಡು ಮಾಡಿ, ತಳಕ್ಕೆ ಮಕಮಲ್ಲಿನ ತುಂಡು ಹಾಸುತ್ತಾರೆ. ಮಡಚುವ ಬಗೆಯಲ್ಲಿ ಎರಡು ಭಾಗಗಳನ್ನು ಹಿಡಿಯುವುದು ಅಳಗುಳಿಮಣೆಯಲ್ಲಿದ್ದಂಥದೇ ಜೋಡಿ ಬಿಜಾಗರಿ, ಎದುರಿಗೆ ಒಂದು ಕೊಂಡಿ.