ಒಂದೇ ಕೀಲಿ, ಎರಡು ಸಲ

1943ರ ಫೆಬ್ರವರಿ 1. ಅಮೆರಿಕದ ವರ್ಜೀನಿಯಾದ ಆರ್ಲಿಂಗ್ಟನ್ ಹಾಲ್‌ನಲ್ಲಿದ್ದ ಸೇನಾ ಕಚೇರಿ. ಅಲ್ಲಿಯವರೆಗೆ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಜೀನ್ ಗ್ರಾಬೀಲ್ ಎಂಬ ಯುವತಿಯ ಮುಂದೆ ಸೋವಿಯತ್ ಒಕ್ಕೂಟದ ರಹಸ್ಯ ತಂತಿಗಳ ರಾಶಿ ಬಿತ್ತು. ಲೆಕ್ಕದ ಪ್ರಕಾರ ಅವನ್ನು ಯಾರೂ ಒಡೆಯುವಂತಿರಲಿಲ್ಲ.

ಯಾಕೆ ಅಂತ ನೋಡೋಣ. ನೀವು ಕಳಿಸಬೇಕಾದ ಅಂಕಿ 7. ಕೀಲಿ ಪುಸ್ತಕದ ಅಂಕಿ 2. ಕೂಡಿಸಿ 9 ಎಂದು ಕಳಿಸುತ್ತೀರಿ. ಕದ್ದು ನೋಡಿದವನಿಗೆ 9 ಮಾತ್ರ ಕಾಣುತ್ತದೆ. ಅದು 7 ಮತ್ತು 2 ಇರಬಹುದು, 4 ಮತ್ತು 5 ಇರಬಹುದು, 1 ಮತ್ತು 8 ಕೂಡ ಇರಬಹುದು. ಎಷ್ಟೇ ದೊಡ್ಡ ಯಂತ್ರವಿದ್ದರೂ ಊಹೆಗೆ ದಾರಿಯಿಲ್ಲ.

1917ರಲ್ಲಿ ಎಂಜಿನಿಯರ್ ಗಿಲ್ಬರ್ಟ್ ವರ್ನಮ್ ಟೆಲಿಗ್ರಾಫಿಗೆ ಇಂಥದ್ದೇ ಉಪಾಯ ಕಂಡುಹಿಡಿದಿದ್ದರು. ಇದನ್ನು ಒಡೆಯಲು ಸಾಧ್ಯವೇ ಇಲ್ಲ ಎಂದು ಗಣಿತದಿಂದ ತೋರಿಸಿದ ಕ್ಲಾಡ್ ಶಾನನ್ ಅವರ ಪ್ರಬಂಧ 1949ರಲ್ಲಿ ಪ್ರಕಟವಾಯಿತು. ಷರತ್ತು ಮೂರು: ಕೀಲಿ ಸಂದೇಶದಷ್ಟೇ ಉದ್ದ ಇರಬೇಕು, ಅದರ ಅಂಕಿಗಳಲ್ಲಿ ಯಾವ ಕ್ರಮವೂ ಇರಬಾರದು, ಒಮ್ಮೆ ಬಳಸಿ ಸುಟ್ಟುಹಾಕಬೇಕು.

ಸೋವಿಯತ್ತರು ಎಡವಿದ್ದು ಮೂರನೆಯದರಲ್ಲಿ. 1942ರ ಆರಂಭದಲ್ಲಿ, ಯುದ್ಧದ ಒತ್ತಡದ ನಡುವೆ, ಸುಮಾರು 35,000 ಕೀಲಿ ಪುಟಗಳು ಎರಡೆರಡು ಸಲ ಅಚ್ಚಾಗಿ ಬೇರೆ ಬೇರೆ ಕಚೇರಿಗಳಿಗೆ ಹೋದವು.

ಎರಡು ಸಲ ಬಳಸಿದರೆ ಏನಾಯ್ತು ಅಂತೀರಾ? 7ಕ್ಕೆ 2 ಕೂಡಿಸಿದರೆ 9, ಇನ್ನೊಂದು ಸಂದೇಶದ 4ಕ್ಕೆ ಅದೇ 2 ಕೂಡಿಸಿದರೆ 6. ಈಗ 9ರಲ್ಲಿ 6 ಕಳೆಯಿರಿ, ಉಳಿದದ್ದು 3. 7ರಲ್ಲಿ 4 ಕಳೆದರೂ 3. ಕೀಲಿ ಮಾಯ! ಎರಡು ಸಂದೇಶಗಳ ನಂಟು ಮಾತ್ರ ಉಳಿಯಿತು. ಆ ಎಳೆ ಹಿಡಿದು ವರ್ಷಗಟ್ಟಲೆ ಬಿಡಿಸಬಹುದು.

ಬಿಡಿಸಿದರು ಕೂಡ. 1946ರ ಡಿಸೆಂಬರಿನಲ್ಲಿ ಮೆರೆಡಿತ್ ಗಾರ್ಡ್ನರ್ ಬಿಡಿಸಿದ ತಂತಿಯೊಂದರಲ್ಲಿ ಅಣುಬಾಂಬ್ ಯೋಜನೆಯ ವಿಜ್ಞಾನಿಗಳ ಹೆಸರುಗಳಿದ್ದವು. ಬಾಂಬಿನ ಗುಟ್ಟು ಸೋರಿತ್ತು. ಈ ಜಾಡಿನಲ್ಲೇ ಸಿಕ್ಕಿಬಿದ್ದ ವಿಜ್ಞಾನಿ ಕ್ಲಾಸ್ ಫುಕ್ಸ್‌ಗೆ 1950ರಲ್ಲಿ ಬ್ರಿಟನ್ನಿನಲ್ಲಿ 14 ವರ್ಷ ಜೈಲಾಯಿತು. 'ವೆನೋನಾ' ಹೆಸರಿನ ಈ ಕೆಲಸ 1980ರವರೆಗೆ ನಡೆಯಿತು. ಜನರಿಗೆ ಗೊತ್ತಾಗಿದ್ದು 1995ರಲ್ಲಿ.

ಇಷ್ಟು ಭದ್ರವಾದ ಬೀಗ ನಮ್ಮ ಫೋನಿನಲ್ಲಿ ಯಾಕಿಲ್ಲ? ಸಂದೇಶದಷ್ಟೇ ಉದ್ದದ ಕೀಲಿಯನ್ನು ಮೊದಲೇ ಗುಟ್ಟಾಗಿ ತಲುಪಿಸಬೇಕಲ್ಲ, ಕೋಟಿಗಟ್ಟಲೆ ಜನರಿಗೆ ಅದು ಆಗದ ಮಾತು. ಹಾಗಾಗಿ ವಾಟ್ಸಾಪ್‌ನಂಥ ಆ್ಯಪ್‌ಗಳು ಚಿಕ್ಕ ಕೀಲಿ ಬಳಸುತ್ತವೆ. ಅದನ್ನು ಒಡೆಯುವುದು ಅಸಾಧ್ಯವೇನಲ್ಲ, ಈಗಿನ ಕಂಪ್ಯೂಟರುಗಳಿಗೆ ವಿಪರೀತ ಕಷ್ಟ, ಅಷ್ಟೇ. ಆದರೆ ವೆನೋನಾದಲ್ಲಿ ಸೋತದ್ದು ಗಣಿತವಲ್ಲ, ಕೀಲಿ ಅಚ್ಚು ಹಾಕಿದವರ ಅವಸರ.