ಅರಬರು ಬರೆದಿಟ್ಟ ಹೊಸ ನಕ್ಷತ್ರ, ಪೈವಳಿಕೆಯ ಆಕಾಶ

1006ರ ಏಪ್ರಿಲ್ ತಿಂಗಳಲ್ಲಿ ದಕ್ಷಿಣದ ಆಕಾಶದಲ್ಲಿ ಅದುವರೆಗೆ ಯಾರೂ ಕಾಣದ ಒಂದು ನಕ್ಷತ್ರ ಹೊಳೆಯತೊಡಗಿತು. ಈಜಿಪ್ಟಿನಲ್ಲಿ ಅದನ್ನು ನೋಡಿದವರಲ್ಲಿ ಅಲಿ ಇಬ್ನ್ ರಿದ್ವಾನ್ ಒಬ್ಬರು. ಆಗ ಅವರಿಗೆ 18ರ ಆಸುಪಾಸು, ಓದು ಆಗಷ್ಟೇ ಶುರುವಾಗಿತ್ತು. ಮುಂದೆ ಕೈರೋದ ಹೆಸರಾಂತ ಹಕೀಮರಾದ ಅವರು, ಟಾಲೆಮಿಯ ಗ್ರಂಥಕ್ಕೆ ಬರೆದ ವ್ಯಾಖ್ಯಾನದಲ್ಲಿ ಅದನ್ನು ನೆನೆದಿದ್ದಾರೆ. ನಕ್ಷತ್ರ ಶುಕ್ರನಿಗಿಂತ ಎರಡೂವರೆಯಿಂದ ಮೂರು ಪಟ್ಟು ದೊಡ್ಡದು, ಬೆಳಕು ಚಂದ್ರನ ಕಾಲು ಭಾಗಕ್ಕಿಂತ ತುಸು ಹೆಚ್ಚು ಎಂದರು. ಆ ದಿನ ಸೂರ್ಯ, ಚಂದ್ರ, ಗ್ರಹಗಳು ಎಲ್ಲಿದ್ದವು ಎಂಬುದನ್ನೂ ದಾಖಲಿಸಿದರು.

ಇಬ್ನ್ ಸೀನಾ ಕೂಡ ತಮ್ಮ 'ಕಿತಾಬುಶ್ಶಿಫಾ'ದಲ್ಲಿ, ಸುಮಾರು ಮೂರು ತಿಂಗಳು ಇದ್ದು ಮಂಕಾಗುತ್ತಾ ಹೋದ, ಬಣ್ಣ ಬದಲಿಸಿದ ಒಂದು ನಕ್ಷತ್ರದ ಬಗ್ಗೆ ಬರೆದಿದ್ದಾರೆ. ಅದು ಇದೇ ನಕ್ಷತ್ರವೆಂದು ಜರ್ಮನಿಯ ಸಂಶೋಧಕರು 2016ರಲ್ಲಿ ಗುರುತಿಸಿದರು.

ಅದು ಹುಟ್ಟಿದ ನಕ್ಷತ್ರವಲ್ಲ, ಸಿಡಿದು ಸತ್ತ ನಕ್ಷತ್ರ. ಇಂಥದಕ್ಕೆ ಇಂದು ಸೂಪರ್‌ನೋವಾ ಎನ್ನುತ್ತಾರೆ. ಇದು ನಮ್ಮಿಂದ ಸುಮಾರು 7,000 ಬೆಳಕಿನ ವರ್ಷ ದೂರದಲ್ಲಿತ್ತು. ಮನುಷ್ಯರು ದಾಖಲಿಸಿದ ಸೂಪರ್‌ನೋವಾಗಳಲ್ಲಿ ಇದರಷ್ಟು ಬೆಳಗಿದ್ದು ಇನ್ನೊಂದಿಲ್ಲ.

ಇನ್ನು ನಮ್ಮ ಊರಿಗೆ ಬರೋಣ. ಲೆಕ್ಕ ಹಾಕಿದರೆ ಆ ನಕ್ಷತ್ರ ಕೈರೋದಲ್ಲಿ ದಿಗಂತದಿಂದ ಸುಮಾರು 22 ಡಿಗ್ರಿ ಎತ್ತರಕ್ಕಷ್ಟೇ ಏರುತ್ತಿತ್ತು. ಪೈವಳಿಕೆಯಲ್ಲಿ ಅದು ಸುಮಾರು 39 ಡಿಗ್ರಿ ಏರುತ್ತಿತ್ತು. ಅಂದರೆ ಇಬ್ನ್ ರಿದ್ವಾನರಿಗಿಂತ ಚೆನ್ನಾಗಿ ನೋಡುವ ಅವಕಾಶ ಇಲ್ಲಿನ ಗುಡ್ಡಗಳ ಮೇಲೆ ನಿಂತವರಿಗಿತ್ತು. ಮಳೆಗಾಲಕ್ಕೂ ಇನ್ನೂ ಒಂದು ತಿಂಗಳಿತ್ತು.

ಆದರೆ ಇಂದು ವಿಜ್ಞಾನಿಗಳು ಉಲ್ಲೇಖಿಸುವ ಸಾಕ್ಷಿಗಳು ಈಜಿಪ್ಟ್, ಇರಾಕ್, ಯಮನ್, ಚೀನಾ, ಜಪಾನ್, ಸ್ವಿಟ್ಜರ್ಲೆಂಡಿನವು. ಕಡಲಾಚೆಯ ಯಮನ್ ಆ ಪಟ್ಟಿಯಲ್ಲಿದೆ, ಈಚೆಯ ತುಳುನಾಡು ಇಲ್ಲ. ಆಗ ಇಲ್ಲಿ ಅಳುಪರ ಆಳ್ವಿಕೆ. ಕನ್ನಡ ಶಾಸನಗಳಲ್ಲಿ ಗ್ರಹಣ, ಸಂಕ್ರಾಂತಿಗಳ ಉಲ್ಲೇಖ ಬೇಕಾದಷ್ಟಿದೆ, ಏಕೆಂದರೆ ಆ ದಿನಗಳಲ್ಲಿ ದಾನ ಕೊಡುತ್ತಿದ್ದರು. ಹೊಸ ನಕ್ಷತ್ರಕ್ಕೆ ಅಂಥ ದಾನದ ದಿನವಿರಲಿಲ್ಲ. ಕಣ್ಣು ಎಲ್ಲರಿಗೂ ಇತ್ತು. ಚರಿತ್ರೆಯಲ್ಲಿ ಉಳಿದದ್ದು ಬರೆದವರ ಮಾತು ಮಾತ್ರ.

ಮುಂದೆ ಸಿಡಿಯಲಿರುವ ಒಂದು ನಕ್ಷತ್ರ ನಮಗೆಲ್ಲ ಗೊತ್ತಿರುವಂಥದ್ದೇ. ಪಂಚಾಂಗದಲ್ಲಿ ಅದು ಆರ್ದ್ರಾ, ಮಲಯಾಳದಲ್ಲಿ ತಿರುವಾದಿರ. ಜೂನ್ ಕೊನೆಯಲ್ಲಿ ಸುರಿಯುವ ಆರ್ದ್ರಾ ಮಳೆಗೆ ಹೆಸರು ಕೊಟ್ಟದ್ದು ಅದೇ. ಅರಬರು ಅದನ್ನು 'ಯದುಲ್ ಜೌಝಾ', ಅಂದರೆ ಜೌಝಾದ ಕೈ ಎಂದರು. ಯೂರೋಪಿನವರು ನಕಲು ಮಾಡುವಾಗ 'ಯಾ' ಅಕ್ಷರದ ಎರಡು ಚುಕ್ಕಿಯಲ್ಲಿ ಒಂದು ಬಿಟ್ಟುಹೋಗಿ 'ಬಾ' ಆಯಿತು, ಹೆಸರು 'ಬೆಟೆಲ್‌ಜ್ಯೂಸ್' ಆಯಿತು. ಮದ್ರಸದಲ್ಲಿ ಅಲಿಫ್, ಬಾ ಕಲಿತವರಿಗೆ ಈ ತಪ್ಪು ಹೇಗಾಯಿತೆಂದು ಬಿಡಿಸಿ ಹೇಳಬೇಕಿಲ್ಲ.

2019ರ ಕೊನೆಯಲ್ಲಿ ಅದು ಇದ್ದಕ್ಕಿದ್ದಂತೆ ಮಂಕಾದಾಗ, ಸಿಡಿಯುತ್ತದೆಯೇ ಎಂದು ಜಗತ್ತು ಕಾದಿತ್ತು. ಅದು ನಕ್ಷತ್ರವೇ ಉಗುಳಿದ ಧೂಳಿನ ಮರೆ ಎಂದು ಆಮೇಲೆ ತಿಳಿಯಿತು. ಸಿಡಿತ ನಾಳೆಯೇ ಕಾಣಬಹುದು, ಒಂದು ಲಕ್ಷ ವರ್ಷ ಕಳೆದೂ ಕಾಣಬಹುದು. ಕಂಡಾಗ ಅರ್ಧಚಂದ್ರನಷ್ಟು ಬೆಳಕೆಲ್ಲ ಒಂದೇ ಚುಕ್ಕಿಯಲ್ಲಿ ಇರುತ್ತದೆ. ತಿಂಗಳುಗಟ್ಟಲೆ ಹಗಲಿನಲ್ಲೂ ಕಾಣುತ್ತದೆ, ರಾತ್ರಿ ಅಂಗಳದ ಕಂಗಿನ ಮರಕ್ಕೆ ನೆರಳು ಬೀಳುತ್ತದೆ. ಭಯ ಬೇಡ, 500ಕ್ಕೂ ಹೆಚ್ಚು ಬೆಳಕಿನ ವರ್ಷ ದೂರದಿಂದ ಅದು ಭೂಮಿಗೆ ಹಾನಿ ಮಾಡದು.

ಪೈವಳಿಕೆಯಲ್ಲಿ ಆ ನಕ್ಷತ್ರ ಹೆಚ್ಚುಕಡಿಮೆ ನೆತ್ತಿಯ ಮೇಲೆಯೇ ಹಾದುಹೋಗುತ್ತದೆ. ಡಿಸೆಂಬರ್, ಜನವರಿಯ ರಾತ್ರಿ ಹೊರಗೆ ಬಂದು ತಲೆಯೆತ್ತಿದರೆ ಸಾಕು, ಕೆಂಪಗೆ ಕಾಣುತ್ತದೆ. ಬ್ಯಾರಿ ಬಾಸೆ ಬಹುಕಾಲ ಬಾಯಿಂದ ಬಾಯಿಗೆ ಬಂದದ್ದು. ಕರ್ನಾಟಕ ಬ್ಯಾರಿ ಸಾಹಿತ್ಯ ಅಕಾಡೆಮಿ ಹುಟ್ಟಿದ್ದೇ 2007ರಲ್ಲಿ. ಈಗ ನಾವು ಬರೆಯುತ್ತೇವೆ, ಓದುತ್ತೇವೆ. ಆರ್ದ್ರಾ ಸಿಡಿಯುವ ದಿನ ನಮ್ಮ ಮಕ್ಕಳೋ ಮರಿಮಕ್ಕಳೋ ಇದ್ದರೆ, ತಾರೀಕು ಹಾಕಿ, ಕಂಡದ್ದನ್ನು ಕಂಡ ಹಾಗೆ ಎರಡು ಸಾಲು ಬರೆದಿಡಲಿ. ಮುಂದಿನ ಪಟ್ಟಿಯಲ್ಲಿ ನಮ್ಮ ಊರೂ ಇರಲಿ.