ತೋಟದ ಚಪ್ಪರದ ಮರಮುಟ್ಟು

ಕಂಬಗಳ ಮೇಲೆ ತೊಲೆ, ತೊಲೆಗಳ ಮೇಲೆ ಅಡ್ಡಪಟ್ಟಿ ಕೂರಿಸಿ ಬಳ್ಳಿ ಹಬ್ಬಿಸುವ ತೆರೆದ ರಚನೆಯೇ ತೋಟದ ಚಪ್ಪರ. ಇತ್ತೀಚೆಗೆ ಪರ್ಗೋಲಾ ಎಂಬ ಹೆಸರೂ ಬಳಕೆಗೆ ಬಂದಿದೆ. ಸೂರಿನಡಿಯ ಮರಕ್ಕಿಲ್ಲದ ಮೂರು ಕಾಟ ಇದಕ್ಕಿವೆ: ಒಂದಾದ ಮೇಲೊಂದು ಬರುವ ಮಳೆ ಬಿಸಿಲು, ಬಳ್ಳಿಯಡಿ ಬೇಗ ಆರದ ತೇವ, ಕಂಬದ ಬುಡಕ್ಕೆ ತಾಗುವ ಮಣ್ಣು. ಮರದ ಆಯ್ಕೆ ಈ ಮೂರನೆಯದನ್ನು ನೋಡಿ ಆಗಬೇಕು.

ಬಳಕೆಯ ಮರಗಳು

ಕರ್ನಾಟಕದಲ್ಲಿ ತೇಗ, ಹೊನ್ನೆ, ಕಿರಾಲುಬೋಗಿ ಬಾಳಿಕೆಗೆ ಹೆಸರಾದವು. ಹೊನ್ನೆ ನೆನೆದಾಗ ಬಣ್ಣ ಬಿಡುವುದರಿಂದ ಕೆಳಗಿನ ನೆಲಹಾಸು ಕಲೆಯಾಗಬಹುದು. ಮತ್ತಿ ಭಾರವಾದ ಗಟ್ಟಿ ಮರ, ತೊಲೆಗೆ ಒಳ್ಳೆಯದು. ಸರಿಯಾಗಿ ಒಣಗಿಸದಿದ್ದರೆ ಬಿರುಕು ಬಿಡುತ್ತದೆ. ಸಿಲ್ವರ್ ಓಕ್, ಮಾವು ಅಗ್ಗವಾದರೂ ಸಂಸ್ಕರಿಸದೆ ಹೊರಗಿಡುವಂಥವಲ್ಲ. ಮಲೆನಾಡು, ಕರಾವಳಿಯ ಅಡಿಕೆ ದಬ್ಬೆಯ ಚಪ್ಪರ ಆಗಾಗ ಬದಲಿಸುವ ಲೆಕ್ಕದ್ದು. ಹೊರಸಿಪ್ಪೆ ಎಷ್ಟೇ ಗಡುಸಾದರೂ ಒಳತಿರುಳು ಬೇಗ ಕುಂಬಾಗುತ್ತದೆ. ಬಿದಿರಿನ ಪಿಷ್ಟ ಹುಳುವನ್ನು ಕರೆಯುತ್ತದೆ. ನೀರಿನಲ್ಲಿ ನೆನೆಹಾಕುವ ಹಳೆಯ ರೂಢಿ ಆ ಪಿಷ್ಟವನ್ನು ತಗ್ಗಿಸಲು.

ಬಾಳಿಕೆಯ ಅಳತೆ

ಮರದ ಹೆಸರಷ್ಟೇ ಕೇಳಿ ಕೊಳ್ಳುವುದು ಸಾಲದು. ತೇಗದಲ್ಲೂ ಬಾಳುವುದು ನಡುವಿನ ಚೇಗು ಮಾತ್ರ. ಸುತ್ತಲಿನ ಬಿಳಿಭಾಗ ಯಾವ ಜಾತಿಯದಾದರೂ ಗೆದ್ದಲಿಗೆ, ಶಿಲೀಂಧ್ರಕ್ಕೆ ಸುಲಭದ ತುತ್ತು. ಎಳೆಯ ನೆಡುತೋಪಿನ ತೇಗದಲ್ಲಿ ಬಿಳಿಭಾಗದ ಪಾಲು ಹೆಚ್ಚು. ಅಡ್ಡಕೊಯ್ತದ ತುದಿ ನೋಡಿದರೆ ಹೊಂಗಂದು ಚೇಗಿನ ಸುತ್ತ ಮಾಸಲು ಬಿಳಿಯ ಉಂಗುರ ಎಷ್ಟು ದಪ್ಪವಿದೆ ಎಂಬುದು ಕಣ್ಣಿಗೇ ಕಾಣುತ್ತದೆ.

ಭಾರತದಲ್ಲಿ ಬಾಳಿಕೆಯನ್ನು ಅಳೆಯುವ ಕ್ರಮಕ್ಕೆ ಸುಡುಗಾಡು ಪರೀಕ್ಷೆ ಎನ್ನಬಹುದಾದ ಹೆಸರಿದೆ. ಸುಮಾರು 60 ಸೆಂ.ಮೀ. ಉದ್ದ, 5 ಸೆಂ.ಮೀ. ಚೌಕದ ಚೇಗಿನ ಗೂಟಗಳನ್ನು ಅರ್ಧಕ್ಕೆ ಹೂತು, ಸಾಲಾಗಿ ನಿಲ್ಲಿಸಿ, ಕಾಲಕಾಲಕ್ಕೆ ಕಿತ್ತು ನೋಡುತ್ತಾರೆ. ಸರಾಸರಿ 120 ತಿಂಗಳು ಅಥವಾ ಹೆಚ್ಚು ತಾಳಿದ್ದು ಒಂದನೆಯ ದರ್ಜೆ, 60ರಿಂದ 120 ತಿಂಗಳಿನದು ಎರಡನೆಯದು, ಅದಕ್ಕೂ ಕಡಿಮೆಯದು ಮೂರನೆಯದು. ತೇಗ ಮೊದಲ ದರ್ಜೆಯದು, ಮಾವು ಕೊನೆಯದರದು. ಇವು ಮಣ್ಣಿನಲ್ಲಿ ಹೂತ ಸಣ್ಣ ಗೂಟದ ಅಂಕಿಗಳು. ನೆಲದಿಂದ ಮೇಲೆ ಗಾಳಿಯಾಡುವ ತೊಲೆ ಇದಕ್ಕಿಂತ ಬಹುಕಾಲ ಬಾಳುತ್ತದೆ. ಮಾರಾಟಗಾರರು ಹೇಳುವ ‘ವರ್ಷದ ಗ್ಯಾರಂಟಿ’ ಇವೆರಡರಲ್ಲಿ ಯಾವ ಲೆಕ್ಕದ್ದು ಎಂದು ಕೇಳುವುದು ಒಳ್ಳೆಯದು.

ಸಂಸ್ಕರಣೆ

ಪಾಶ್ಚಾತ್ಯ ದೇಶಗಳ ಹಿತ್ತಲುಗಳಲ್ಲಿ ಹಸಿರು ಛಾಯೆಯ ಪೈನ್ ಚಪ್ಪರಗಳು ಸಾಮಾನ್ಯವಾದದ್ದಕ್ಕೆ ಕಾರಣವಾದ ರಸಾಯನ ಹುಟ್ಟಿದ್ದು ಭಾರತದಲ್ಲಿ. ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿದ್ದ ಸೋಂಟಿ ಕಾಮೇಶಂ 1933ರಲ್ಲಿ ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಲವಣಗಳ ದ್ರಾವಣವನ್ನು ರೂಪಿಸಿದರು. ಅದು ‘ಆಸ್ಕು’ ಎಂಬ ಹೆಸರಿನಲ್ಲಿ ಪ್ರಚಾರಕ್ಕೆ ಬಂತು. ತಾಮ್ರ ಶಿಲೀಂಧ್ರವನ್ನೂ ಆರ್ಸೆನಿಕ್ ಕೀಟಗಳನ್ನೂ ತಡೆಯುತ್ತವೆ. ಎರಡೂ ಮಳೆಗೆ ತೊಳೆದುಹೋಗದಂತೆ ಮರದ ನಾರಿನಲ್ಲಿ ಕಚ್ಚಿಸುವುದು ಕ್ರೋಮಿಯಂ, ಈ ಆವಿಷ್ಕಾರದ ಜೀವಾಳ ಅದೇ. ಮುಚ್ಚಿದ ಉಕ್ಕಿನ ಕೊಳವೆಯೊಳಗೆ ಮರವಿಟ್ಟು, ಗಾಳಿ ಹೀರಿ ತೆಗೆದು, ಒತ್ತಡದಿಂದ ದ್ರಾವಣ ನುಗ್ಗಿಸುತ್ತಾರೆ. ಕುಂಚದಲ್ಲಿ ಬಳಿದರೆ ಅಷ್ಟು ಆಳಕ್ಕೆ ಇಳಿಯದು. ಬಿಳಿಭಾಗ ಇದನ್ನು ಚೆನ್ನಾಗಿ ಹೀರುತ್ತದೆ, ಚೇಗು ಬಹುಮಟ್ಟಿಗೆ ಹೀರುವುದಿಲ್ಲ. ಹೀಗಾಗಿ ತಾನಾಗಿ ಬಾಳದ ಮರವೇ ಸಂಸ್ಕರಣೆಗೆ ಹೆಚ್ಚು ಒಗ್ಗುತ್ತದೆ.

ಆರ್ಸೆನಿಕ್ ಸೋರಿಕೆಯ ಆತಂಕದಿಂದ ಅಮೆರಿಕದ ತಯಾರಕರು 2003ರ ಕೊನೆಗೆ ಮನೆಬಳಕೆಯ ಬಹುಪಾಲು ಮರಕ್ಕೆ ಇದನ್ನು ಕೈಬಿಟ್ಟರು. ತಾಮ್ರ ಪ್ರಧಾನವಾದ ಬೇರೆ ದ್ರಾವಣಗಳು ಆ ಜಾಗಕ್ಕೆ ಬಂದವು. ಬೊರಾಕ್ಸ್–ಬೋರಿಕ್ ಆಮ್ಲ ಅಷ್ಟು ಅಪಾಯಕಾರಿಯಲ್ಲ, ಆದರೆ ಮಳೆಗೆ ತೊಳೆದುಹೋಗುವುದರಿಂದ ತೆರೆದ ಚಪ್ಪರಕ್ಕೆ ಅಷ್ಟಾಗಿ ಹೊಂದದು. ಆರ್ಸೆನಿಕ್ ಸಂಸ್ಕರಿತ ಮರದ ಚೂರುಗಳನ್ನು ಒಲೆಗೆ ಹಾಕಲೇಬಾರದು. ಹೊಗೆ, ಬೂದಿ ಎರಡೂ ವಿಷ.

ಬುಡ ಮತ್ತು ಕೂಡುಗಳು

ತೇಗ, ಜಾಲಿಯಂಥ ಮರಗಳ ಟ್ಯಾನಿನ್ ಕಬ್ಬಿಣದೊಡನೆ ಸೇರಿ ಕಪ್ಪು ಕಲೆಯಾಗುತ್ತದೆ. ಸ್ಟೇನ್‌ಲೆಸ್ ಬೋಲ್ಟು ಮೇಲು. ಕಂಬವನ್ನು ನೆಲದಿಂದ ಕೆಲವು ಅಂಗುಲ ಎತ್ತಿ ಲೋಹದ ಪಾದದ ಮೇಲೆ ನಿಲ್ಲಿಸಬೇಕು. ಇಂಗ್ಲೆಂಡಿನ ಹೆಸ್ಟರ್‌ಕೂಂಬ್ ಉದ್ಯಾನದ ಪರ್ಗೋಲಾಕ್ಕೆ ಕಲ್ಲಿನ ಕಂಬ, ಓಕ್ ತೊಲೆ. ಚಿಕ್ಕಬಳ್ಳಾಪುರದ ಕಡೆಯ ದ್ರಾಕ್ಷಿ ಚಪ್ಪರಗಳೂ ಕಲ್ಲುಕಂಬದ ಮೇಲೆಯೇ ನಿಂತಿವೆ. ಹೆಚ್ಚು ಮಳೆಯ ಸೀಮೆಯಲ್ಲಿ ಮಣ್ಣಿಗೆ ಹೂತ ತೇಗದ ಕಂಬಕ್ಕಿಂತ ಕಲ್ಲುಕಂಬದ ಮೇಲಿನ ಮತ್ತಿ ತೊಲೆಯೇ ಸಾಮಾನ್ಯವಾಗಿ ಸರಿಯಾದ ಆಯ್ಕೆ.